ಜಾರ್ಕೆಂಟಿನ ಅರ್ಧ ನ್ಯಾಯ

ಆರೋಪ ಸಣ್ಣದು: ನಕಲಿ ಕಾಗದ ತೋರಿಸಿ ಗಡಿ ದಾಟಿದ್ದು. ಆರೋಪಿ ಅದನ್ನು ಅಲ್ಲಗಳೆಯಲೂ ಇಲ್ಲ. ಗಂಡ, ಇಬ್ಬರು ಮಕ್ಕಳು ಈಚೆ ಇದ್ದಾರೆ, ಆಚೆಯೇ ಉಳಿದಿದ್ದರೆ ನನ್ನನ್ನೂ ಶಿಬಿರಕ್ಕೆ ದೂಡುತ್ತಿದ್ದರು, ಅದಕ್ಕೇ ದಾಟಿದೆ ಎಂದರು. 2018ರ ಜುಲೈ ತಿಂಗಳು. ಕಜಕಸ್ತಾನದ ಆಗ್ನೇಯ ಮೂಲೆಯಲ್ಲಿ ಚೀನಾ ಗಡಿಗೆ ಹೊಂದಿಕೊಂಡಂತಿರುವ ಜಾರ್ಕೆಂಟ್ ಪಟ್ಟಣ. ನಮ್ಮ ಲೆಕ್ಕದಲ್ಲಿ ತಾಲೂಕು ಕೋರ್ಟು. ಆರೋಪಿಗಳನ್ನು ಕೂರಿಸುವ ಪಂಜರದೊಳಗೆ ನಲವತ್ತರ ಆಸುಪಾಸಿನ ಒಬ್ಬ ಶಾಲಾ ಶಿಕ್ಷಕಿ. ಹೆಸರು ಸಾಯ್ರಾಗುಲ್ ಸೌತ್‌ಬಾಯ್. ಜನಾಂಗದಿಂದ ಕಜಕ್, ಪೌರತ್ವದಿಂದ ಚೀನೀ. ಹೊರಗೆ ಬೀದಿಯಲ್ಲಿ ಜನ ಸೇರಿದ್ದರು.

ನ್ಯಾಯಾಧೀಶರ ಮುಂದಿದ್ದ ಪ್ರಶ್ನೆ ಕಾನೂನಿನ ಪುಸ್ತಕದಲ್ಲಿ ಒಂದು ಪುಟಕ್ಕೆ ಮುಗಿಯುವಂಥದ್ದು. ಅಕ್ರಮವಾಗಿ ಬಂದವರಿಗೆ ಶಿಕ್ಷೆ ಕೊಡಬೇಕು, ಶಿಕ್ಷೆಯ ಜೊತೆಗೆ ಬಂದ ದೇಶಕ್ಕೆ ವಾಪಸ್ ಕಳಿಸಬೇಕು. ಆದರೆ ಆ ಪುಟದ ಆಚೆಗೆ ಏನಿತ್ತು ಎಂಬುದೇ ಪ್ರಕರಣ. ಜುಲೈ 13ರ ಹೇಳಿಕೆಯಲ್ಲಿ ಸೌತ್‌ಬಾಯ್, ಷಿನ್‌ಜಿಯಾಂಗ್ ಪ್ರಾಂತ್ಯದ ಒಂದು ಶಿಬಿರದಲ್ಲಿ ತನ್ನನ್ನು ಪಾಠ ಹೇಳಲು ಹಚ್ಚಿದ್ದರೆಂದೂ, ಅಲ್ಲಿ ಸುಮಾರು ಎರಡೂವರೆ ಸಾವಿರ ಕಜಕರನ್ನು ಕೂಡಿಹಾಕಿದ್ದರೆಂದೂ, ಹೆಸರಿಗೆ ರಾಜಕೀಯ ಶಿಕ್ಷಣವಾದರೂ ಅದು ಸೆರೆಮನೆಯೇ ಎಂದೂ ಹೇಳಿದರು. ಅಂಥ ಶಿಬಿರಗಳೇ ಇಲ್ಲ ಎಂದು ಬೀಜಿಂಗ್ ಆಗ ಹೇಳುತ್ತಿತ್ತು. ಮುಂದಿನ ತಿಂಗಳು ಜಿನೀವಾದ ವಿಶ್ವಸಂಸ್ಥೆಯ ಸಮಿತಿಯೆದುರೂ ಅದನ್ನೇ ಹೇಳಿ, ಅಕ್ಟೋಬರಿನಲ್ಲಿ ಮಾತ್ರ ಅವನ್ನು ವೃತ್ತಿ ತರಬೇತಿ ಕೇಂದ್ರಗಳೆಂದು ಕರೆದು ಕಾನೂನಿನ ಹೊದಿಕೆ ಹೊದಿಸಿತು. ಸೌತ್‌ಬಾಯ್ ಹೇಳಿದ್ದೆಲ್ಲ ಕಟ್ಟುಕತೆ, ಆಕೆ ಯಾವ ಕೇಂದ್ರದಲ್ಲೂ ಕೆಲಸ ಮಾಡಿಲ್ಲ ಎಂಬುದು ಇಂದಿಗೂ ಚೀನಾದ ವಾದ. ಅವರ ಮಾತಿನ ಪ್ರತಿ ವಿವರಕ್ಕೂ ನಾನು ಜಾಮೀನು ನಿಲ್ಲಲಾರೆ. ಆದರೆ ಇಲ್ಲವೇ ಇಲ್ಲ ಎಂದ ಜಾಗ ಮೂರು ತಿಂಗಳಲ್ಲಿ ಇದೆ ಎಂದಾದಾಗ, ಇದೆ ಎಂದು ಮೊದಲೇ ಕೋರ್ಟಿನಲ್ಲಿ ನಿಂತು ಹೇಳಿದವರ ಕಡೆಗೆ ತಕ್ಕಡಿ ಒಂದಿಷ್ಟು ವಾಲದೆ ಇರುವುದಿಲ್ಲ.

ಆಕೆಯನ್ನು ವಾಪಸ್ ಕಳಿಸಿದರೆ ಏನಾಗುತ್ತದೆಂದು ನ್ಯಾಯಾಧೀಶರಿಗೆ ಗೊತ್ತು. ಕಳಿಸದಿದ್ದರೆ ಏನಾಗುತ್ತದೆಂದೂ ಗೊತ್ತು. ಅತ್ತ ದರಿ, ಇತ್ತ ಪುಲಿ.

ಇಂಥ ಪ್ರಕರಣಗಳು ಸಾಮಾನ್ಯವಾಗಿ ಹೇಗೆ ಮುಗಿಯುತ್ತವೆ ಎಂದು ತಿಳಿಯಲು ಒಂಬತ್ತು ವರ್ಷ ಹಿಂದಿನ ಕಾಂಬೋಡಿಯಾಕ್ಕೆ ಹೋಗಿಬರಬೇಕು. 2009ರ ಜುಲೈ 5ರಂದು ಷಿನ್‌ಜಿಯಾಂಗ್‌ನ ರಾಜಧಾನಿ ಉರುಮ್ಚಿಯಲ್ಲಿ ಅಲ್ಲಿನ ಉಯಿಗುರ್ ಮುಸ್ಲಿಮರಿಗೂ ಹಾನ್ ಚೀನೀಯರಿಗೂ ನಡುವೆ ಗಲಭೆಯೆದ್ದು ಸರ್ಕಾರಿ ಲೆಕ್ಕದಲ್ಲೇ 197 ಮಂದಿ ಸತ್ತರು. ಕಿಡಿ ಹೊತ್ತಿದ್ದು ದೇಶದ ಇನ್ನೊಂದು ತುದಿಯಲ್ಲಿ, ಗುವಾಂಗ್‌ಡಾಂಗ್ ಪ್ರಾಂತ್ಯದ ಶಾವೋಗುವಾನ್‌ನ ಆಟಿಕೆ ಕಾರ್ಖಾನೆಯಲ್ಲಿ. ಅಲ್ಲಿ ಹಾನ್ ಕಾರ್ಮಿಕರೊಂದಿಗಿನ ಹೊಡೆದಾಟದಲ್ಲಿ ಇಬ್ಬರು ಉಯಿಗುರ್ ಕೂಲಿಗಳು ಪ್ರಾಣ ಬಿಟ್ಟಿದ್ದರು. ಗಲಭೆಯ ನಂತರದ ಬಂಧನಗಳಿಗೆ ಹೆದರಿ ಒಂದು ಉಯಿಗುರ್ ಗುಂಪು ವಿಯೆಟ್ನಾಂ ಮೂಲಕ ನೋಂ ಪೆನ್ ತಲುಪಿ ಆಶ್ರಯ ಕೇಳಿತು. ಕಾಂಬೋಡಿಯಾ 1992ರಲ್ಲೇ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ದೇಶ. ತನ್ನ ಪ್ರಜೆಗಳೇ ಪೋಲ್ ಪಾಟ್ ಆಡಳಿತ ಬಿದ್ದ ಮೇಲೆ ಥಾಯ್ಲೆಂಡ್ ಗಡಿಯ ಡೇರೆಗಳಲ್ಲಿ ವರ್ಷಗಟ್ಟಲೆ ಕೊಳೆತದ್ದನ್ನು ಕಂಡ ದೇಶ.

ತಾರೀಖುಗಳನ್ನು ಸುಮ್ಮನೆ ಪಕ್ಕಪಕ್ಕ ಇಟ್ಟು ನೋಡಿ. ಡಿಸೆಂಬರ್ 17ರಂದು ಪ್ರಧಾನಿ ಹುನ್ ಸೆನ್ ಆಶ್ರಯದ ಅರ್ಜಿಗಳ ತೀರ್ಮಾನವನ್ನು ತಮ್ಮ ಸರ್ಕಾರದ ಕೈಗೆ ಕೊಡುವ ಆದೇಶಕ್ಕೆ ಸಹಿ ಮಾಡಿದರು. 19ರ ರಾತ್ರಿ ಇಪ್ಪತ್ತು ಮಂದಿಯನ್ನು, ಅವರಲ್ಲಿ ಎರಡು ಮಕ್ಕಳು, ಚೀನಾದ ವಿಮಾನ ಹತ್ತಿಸಿದರು. 20ರಂದು ಆಗಿನ ಚೀನೀ ಉಪಾಧ್ಯಕ್ಷ ಷಿ ಜಿನ್‌ಪಿಂಗ್ ಬಂದಿಳಿದರು. 21ರಂದು 14 ಒಪ್ಪಂದಗಳಿಗೆ ಸಹಿ ಬಿತ್ತು. ಮೊತ್ತ ಸುಮಾರು 120 ಕೋಟಿ ಡಾಲರ್. ಎರಡಕ್ಕೂ ಸಂಬಂಧವಿಲ್ಲ, ಅಕ್ರಮವಾಗಿ ಬಂದವರನ್ನು ವಲಸೆ ಕಾನೂನಿನ ಪ್ರಕಾರ ಕಳಿಸಿದ್ದೇವೆ ಎಂದಿತು ನೋಂ ಪೆನ್. ಸಿಟ್ಟಾದ ಅಮೆರಿಕ ಮುಂದಿನ ಏಪ್ರಿಲ್‌ನಲ್ಲಿ ಕಾಂಬೋಡಿಯಾ ಸೇನೆಗೆ ಕೊಡಬೇಕಿದ್ದ 200 ಹಳೇ ಲಾರಿ-ಟ್ರೇಲರುಗಳನ್ನು ತಡೆಹಿಡಿಯಿತು. ಜೂನ್ ಹೊತ್ತಿಗೆ ಚೀನಾ 256 ಹೊಸ ಲಾರಿಗಳನ್ನು ಕಳಿಸಿಕೊಟ್ಟಿತು. ಲೆಕ್ಕ ಚುಕ್ತಾ, ಮೇಲೆ ಐವತ್ತಾರು ಲಾರಿ ಲಾಭ. ಇಪ್ಪತ್ತು ಜನರ ತಲೆಗೆ ಇಷ್ಟೆಂದು ಭಾಗಿಸಿ ನೋಡುವ ಕೆಟ್ಟ ಚಪಲ ಯಾರಿಗಾದರೂ ಬಂದರೆ ನಾನು ಬೈಯಲಾರೆ.

ಹೀಗೆಂದು ಚೀನಾದ ಭಯವೆಲ್ಲ ನಾಟಕ ಎಂದುಬಿಡುವುದು ಸುಲಭ, ಆದರೆ ಸುಳ್ಳು. ಉರುಮ್ಚಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಹಾನ್ ಜನ. 2014ರ ಮಾರ್ಚ್ 1ರಂದು ಕುನ್ಮಿಂಗ್ ರೈಲು ನಿಲ್ದಾಣದಲ್ಲಿ ಚಾಕು ಹಿಡಿದು ನುಗ್ಗಿದ ಗುಂಪು 31 ಜನರನ್ನು ಕೊಂದಿತು. ಸತ್ತವರ ಪೈಕಿ ಉಯಿಗುರರ ಮೇಲೆ ಕೈ ಮಾಡಿದವರು ಯಾರೂ ಇರಲಿಲ್ಲ, ರೈಲಿಗೆ ಕಾಯುತ್ತಿದ್ದವರಷ್ಟೇ. ದೇಶದ ಆರನೇ ಒಂದು ಭಾಗದಷ್ಟು ವಿಸ್ತಾರವಾದ, ಎಂಟು ದೇಶಗಳಿಗೆ ಗಡಿ ಹಂಚಿಕೊಂಡ, ತೈಲ-ಅನಿಲ ತುಂಬಿದ ಪ್ರಾಂತ್ಯವೊಂದರಿಂದ ಇಂಥದ್ದು ಎದ್ದರೆ ಯಾವ ಸರ್ಕಾರವೂ ಕೈಕಟ್ಟಿ ಕೂರುವುದಿಲ್ಲ. ಪ್ರಶ್ನೆ ಇರುವುದು ಕೈ ಎಲ್ಲಿಯವರೆಗೆ ಚಾಚಬಹುದು ಎಂಬುದರಲ್ಲಿ. ಚಾಕು ಹಿಡಿದವನನ್ನು ಹುಡುಕುವುದು ಒಂದು. ಗಡ್ಡ ಬಿಟ್ಟವನನ್ನು, ಹೊರದೇಶದ ನೆಂಟರಿಗೆ ಫೋನ್ ಮಾಡಿದವಳನ್ನು, ಕೊನೆಗೆ ಪಾಠ ಹೇಳುವ ಶಿಕ್ಷಕಿಯನ್ನೂ ಅದೇ ಪಟ್ಟಿಗೆ ಸೇರಿಸುವುದು ಇನ್ನೊಂದು.

ಈ ಕೈ ಗಡಿಯಾಚೆಗೆ ಚಾಚಿದ್ದು ಹೇಗೆ ಎಂಬ ಕತೆ ನಮಗೆ, ಭಾರತೀಯರಿಗೆ, ಸ್ವಲ್ಪ ಅಚ್ಚರಿಯದು. ನಮಗೆ ಗೊತ್ತಿರುವುದು ಇಂಚು ಬಿಡದ ಚೀನಾ. ಆದರೆ ಸೋವಿಯತ್ ಒಕ್ಕೂಟ ಒಡೆದು ಮಧ್ಯ ಏಷ್ಯಾದಲ್ಲಿ ಹೊಸ ದೇಶಗಳು ಹುಟ್ಟಿದಾಗ ಅದೇ ಚೀನಾ ಧಾರಾಳಿಯಾಯಿತು. ಕಜಕಸ್ತಾನದೊಂದಿಗೆ ತಕರಾರಿದ್ದ 944 ಚದರ ಕಿಲೋಮೀಟರ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಪಡೆದು ಸುಮ್ಮನಾಯಿತು. ತಜಿಕಿಸ್ತಾನದ ಮೇಲೆ ಸುಮಾರು 28,000 ಚದರ ಕಿಲೋಮೀಟರ್ ಹಕ್ಕು ಹೇಳುತ್ತಿದ್ದುದು ಸಾವಿರ ಚಿಲ್ಲರೆಗೆ ಒಪ್ಪಿಕೊಂಡಿತು. ಎಂ. ಟೇಲರ್ ಫ್ರಾವೆಲ್ ಎಂಬ ಅಮೆರಿಕದ ವಿದ್ವಾಂಸ 2008ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೆ ಕೊಡುವ ಕಾರಣ ನನಗೆ ಒಪ್ಪಿಗೆಯಾಗಿದೆ: ಒಳಗೆ ಅಳುಕಿದ್ದಾಗ ಚೀನಾ ಹೊರಗೆ ಬಿಟ್ಟುಕೊಡುತ್ತದೆ. ಗಡಿಯಾಚೆಗಿನ ಸರ್ಕಾರ ಗಡಿಯೀಚೆಗಿನ ಅತೃಪ್ತರಿಗೆ ಆಸರೆ ಕೊಡದಿದ್ದರೆ ಸಾಕು, ಒಂದೆರಡು ಕಣಿವೆ ಹೋದರೂ ನಷ್ಟವಿಲ್ಲ.

ಪಕ್ಕದ ಅರಸನೇ ಸಹಜ ಶತ್ರು, ಅವನಾಚೆಯವನು ಮಿತ್ರ ಎಂದಿತು ಕೌಟಿಲ್ಯನ ಮಂಡಲ. ಬೀಜಿಂಗಿನ ಲೆಕ್ಕ ಬೇರೆ: ಪಕ್ಕದ ಅರಸನನ್ನು ಕಾವಲುಗಾರನನ್ನಾಗಿ ಮಾಡಿಕೊ. 1996ರಲ್ಲಿ ಐದು ದೇಶಗಳು ಶಾಂಘೈಯಲ್ಲಿ ಕೂತು ಗಡಿಯಲ್ಲಿ ಸೇನೆಗಳ ನಡುವೆ ವಿಶ್ವಾಸ ಬೆಳೆಸುವ ಮಾತಾಡಿದವು. 2001ರ ಜೂನ್ 15ರಂದು ಆ ಕೂಟ ಶಾಂಘೈ ಸಹಕಾರ ಸಂಘಟನೆಯಾಯಿತು. ಅದೇ ದಿನ ಭಯೋತ್ಪಾದನೆ, ಪ್ರತ್ಯೇಕತಾವಾದ, ಉಗ್ರವಾದ ಎಂಬ ಮೂರರ ವಿರುದ್ಧದ ಒಪ್ಪಂದಕ್ಕೂ ಸಹಿಯಾಯಿತು. ನ್ಯೂಯಾರ್ಕಿನ ಗೋಪುರಗಳು ಬೀಳುವುದಕ್ಕೆ ಮೂರು ತಿಂಗಳು ಮುಂಚೆ ಎಂಬುದನ್ನು ಗಮನಿಸಿ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದರ ಅನುಕೂಲವೆಂದರೆ, ಬಾಂಬಿಟ್ಟವನಿಗೂ ಬಾವುಟ ಹಿಡಿದವನಿಗೂ ಪ್ರಾರ್ಥನೆ ಮಾಡಿದವನಿಗೂ ಒಂದೇ ಕಡತ ಸಾಕಾಗುತ್ತದೆ. 2017ರಲ್ಲಿ ಭಾರತವೂ ಪಾಕಿಸ್ತಾನವೂ ಆ ಸಂಘಟನೆಯ ಪೂರ್ಣ ಸದಸ್ಯರಾದವು.

ಇನ್ನು ದುಡ್ಡು. 2009ರ ಡಿಸೆಂಬರ್ 14ರಂದು, ಅಂದರೆ ನೋಂ ಪೆನ್ನಿನಿಂದ ಆ ವಿಮಾನ ಏರುವುದಕ್ಕೆ ಐದು ದಿನ ಮುಂಚೆ, ತುರ್ಕಮೆನಿಸ್ತಾನದಿಂದ ಉಜ್ಬೇಕಿಸ್ತಾನ, ಕಜಕಸ್ತಾನ ಹಾದು ಬರುವ ಅನಿಲ ಕೊಳವೆಯನ್ನು ಅಂದಿನ ಅಧ್ಯಕ್ಷ ಹು ಜಿಂಟಾವೋ ಉದ್ಘಾಟಿಸಿದರು. ಅದು ಚೀನಾ ಸೇರುವುದು ಖೋರ್ಗೋಸ್ ಬಳಿ. 2013ರ ಸೆಪ್ಟೆಂಬರಿನಲ್ಲಿ ಷಿ ಜಿನ್‌ಪಿಂಗ್ ಹೊಸ ರೇಷ್ಮೆ ದಾರಿಯ ಯೋಜನೆ ಪ್ರಕಟಿಸಿದ್ದೂ ಕಜಕಸ್ತಾನದ ರಾಜಧಾನಿಯ ಒಂದು ವಿಶ್ವವಿದ್ಯಾಲಯದಲ್ಲೇ. ಸಮುದ್ರಕ್ಕೆ ಸಾವಿರಾರು ಕಿಲೋಮೀಟರ್ ದೂರದ ಆ ಖೋರ್ಗೋಸ್‌ನಲ್ಲಿ ಈಗ ಒಣ ಬಂದರು ಇದೆ. ಎರಡು ದೇಶಗಳ ರೈಲು ಹಳಿಗಳ ಅಗಲ ಬೇರೆಯಾದ್ದರಿಂದ ಕಂಟೇನರುಗಳನ್ನು ಕ್ರೇನುಗಳು ಒಂದು ಬೋಗಿಯಿಂದೆತ್ತಿ ಇನ್ನೊಂದಕ್ಕಿಡುತ್ತವೆ. 2017ರಲ್ಲಿ ಚೀನಾದ ಎರಡು ಕಂಪನಿಗಳು ಅದರ ಶೇ 49 ಪಾಲು ಕೊಂಡವು. ಸೌತ್‌ಬಾಯ್ ಗಡಿ ದಾಟಿದ್ದು, 2018ರ ಏಪ್ರಿಲ್‌ನಲ್ಲಿ, ಇದೇ ಖೋರ್ಗೋಸ್‌ನಲ್ಲಿ. ಪೆಟ್ಟಿಗೆಗಳಿಗೆ ಹಳಿ ಬದಲಿಸಿಕೊಡಲು ಅಷ್ಟು ದೊಡ್ಡ ಏರ್ಪಾಡಿದ್ದ ಜಾಗದಲ್ಲಿ ಆಕೆ ಸುಳ್ಳು ಪರವಾನಗಿ ತೋರಿಸಬೇಕಾಯಿತು. ಪಾಸ್‌ಪೋರ್ಟನ್ನು ಅಧಿಕಾರಿಗಳು ಮೊದಲೇ ಕಸಿದಿಟ್ಟುಕೊಂಡಿದ್ದರು; 2016ರಲ್ಲಿ ಗಂಡ ಮಕ್ಕಳು ಮುಂದೆ ಹೋಗಿ ಆಕೆ ಹಿಂದುಳಿದದ್ದೂ ಅದಕ್ಕೇ.

ಹೀಗಿರುವಾಗ ಜಾರ್ಕೆಂಟಿನ ಪ್ರಕರಣವೂ ನೋಂ ಪೆನ್ನಿನಂತೆಯೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾಕೆ?

ಆ ಊರಲ್ಲೊಂದು ಹಳೆಯ ಮಸೀದಿಯಿದೆ, ಈಗ ವಸ್ತುಸಂಗ್ರಹಾಲಯ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಖರ್ಚು ಹಾಕಿದವನು ವಲಿ ಅಖುನ್ ಯುಲ್ದಾಶೆವ್ ಎಂಬ ಉಯಿಗುರ್ ವ್ಯಾಪಾರಿ; ಕಟ್ಟಿಸಿದ್ದು ಚೀನೀ ಶಿಲ್ಪಿಯಿಂದ. ಮರದ ತೊಲೆಗಳನ್ನು ಮೊಳೆಯಿಲ್ಲದೆ ಒಂದಕ್ಕೊಂದು ಕಚ್ಚಿಸಿ, ಬೌದ್ಧ ಗುಡಿಯಂತೆ ಚಾವಣಿಯ ಮೂಲೆಗಳನ್ನು ಮೇಲಕ್ಕೆ ಬಾಗಿಸಿದ್ದಾರೆ. ಬಾಂಗ್ ಕೂಗುವ ಗೋಪುರವೂ ಪಗೋಡದ ಹಾಗೇ ಇದೆ. ಈ ಕಟ್ಟಡ ನೋಡಿದರೆ ಅಲ್ಲಿನ ಗಡಿ ಎಷ್ಟು ಸಡಿಲವಾಗಿತ್ತೆಂದು ತಿಳಿಯುತ್ತದೆ. 1881ರಲ್ಲಿ ರಷ್ಯಾ ಇಲಿ ಕಣಿವೆಯನ್ನು ಚೀನಾದ ಚಿಂಗ್ ಅರಸರಿಗೆ ಮರಳಿಸಿದಾಗ ಸಾವಿರಾರು ಉಯಿಗುರರು ಗಂಟುಮೂಟೆ ಕಟ್ಟಿ ರಷ್ಯಾದ ಕಡೆ ಬಂದರು. ಜಾರ್ಕೆಂಟ್ ಬೆಳೆದದ್ದೇ ಅವರಿಂದ. 1930ರ ದಶಕದ ಆರಂಭದಲ್ಲಿ ಸ್ಟಾಲಿನ್ನನ ಸಾಮೂಹಿಕ ಬೇಸಾಯದ ಕ್ಷಾಮದಲ್ಲಿ ಹತ್ತು ಲಕ್ಷಕ್ಕೂ ಮೀರಿ ಕಜಕರು ಸತ್ತಾಗ ಬದುಕಿದವರಲ್ಲಿ ಎಷ್ಟೋ ಜನ ಷಿನ್‌ಜಿಯಾಂಗ್‌ಗೆ ಓಡಿದರು. 1962ರ ವಸಂತದಲ್ಲಿ, ಮಾವೋನ ಮಹಾ ನೆಗೆತದ ಹಸಿವಿನ ನಂತರ, ಅರುವತ್ತು ಸಾವಿರಕ್ಕೂ ಹೆಚ್ಚು ಕಜಕರು, ಉಯಿಗುರರು ದನಕರು ಹೊಡೆದುಕೊಂಡು ಮತ್ತೆ ಈಚೆಗೆ ಬಂದರು. ಯಾವ ಕಡೆ ಅನ್ನವಿಲ್ಲವೋ ಆ ಕಡೆಯಿಂದ ಇನ್ನೊಂದು ಕಡೆಗೆ. 1991ರಲ್ಲಿ ಸ್ವತಂತ್ರವಾದ ಕಜಕಸ್ತಾನ, ಹೊರಗೆ ಚದುರಿದ ಕಜಕರೆಲ್ಲ ಬನ್ನಿ ಎಂದು ತಾನೇ ಕರೆಯಿತು. ಚೀನಾ, ಮಂಗೋಲಿಯಾ, ಉಜ್ಬೇಕಿಸ್ತಾನಗಳಿಂದ ಹತ್ತು ಲಕ್ಷದಷ್ಟು ಜನ ಬಂದರು.

ಹೀಗೆ ಬಂದವರ ಮನೆಗಳಲ್ಲೇ 2017ರ ನಂತರ ಫೋನು ಸುಮ್ಮನಾಗತೊಡಗಿತು. ಆಚೆ ಕಡೆಯ ಅಣ್ಣ, ಅತ್ತೆ, ಅಳಿಯ ಉತ್ತರಿಸುತ್ತಿಲ್ಲ. ಅವರಿಗೆ ದಾರಿ ತೋರಿಸಿದ್ದು ಅಲ್ಮಾಟಿಯ ಒಂದು ಸಣ್ಣ ಕಚೇರಿ, ಅತಾಜುರ್ತ್ ಎಂಬ ಸಂಘಟನೆಯದು. ಅದನ್ನು ನಡೆಸುತ್ತಿದ್ದವರು ಷಿನ್‌ಜಿಯಾಂಗ್‌ನಲ್ಲೇ ಹುಟ್ಟಿ ಬಂದ ಸೆರಿಕ್‌ಜಾನ್ ಬಿಲಾಶ್. ಅಲ್ಲಿ ಕೆಲಸ ಬಹಳ ಸರಳ: ಕಾಣೆಯಾದವರ ಫೋಟೋವನ್ನು ಎದೆಯ ಮುಂದೆ ಹಿಡಿದುಕೊಂಡು ಕುಟುಂಬದವರು ಕ್ಯಾಮೆರಾದ ಎದುರು ಕೂತು ಹೆಸರು, ಊರು, ಕೊನೆಯ ಸಲ ಮಾತಾಡಿದ ದಿನ ಹೇಳಬೇಕು. ಮುದುಕಿಯರು, ರೈತರು, ಲಾರಿ ಚಾಲಕರು ಬಂದು ಹೇಳಿದರು. ಅಂಥ ಸಾವಿರಾರು ವಿಡಿಯೊಗಳು ಅಂತರ್ಜಾಲಕ್ಕೆ ಹೋದವು. ಜಾರ್ಕೆಂಟ್ ನ್ಯಾಯಾಲಯದ ಹೊರಗೆ ನೆರೆದ ಗುಂಪು ಇದೇ ಜನರದು. ಅವರು ವಿರೋಧ ಪಕ್ಷದವರಲ್ಲ, ಸರ್ಕಾರ ಉರುಳಿಸಲು ಬಂದವರಲ್ಲ. ನಮ್ಮ ಹೆಣ್ಣುಮಗಳನ್ನು ಕಳಿಸಬೇಡಿ ಎನ್ನಲು ಬಂದ ನೆಂಟರು. ಕಜಕರ ಹೆಸರಿನಲ್ಲೇ ಇರುವ ರಾಷ್ಟ್ರಕ್ಕೆ ಕಜಕ್ ತಾಯಿಯೊಬ್ಬಳನ್ನು ಕೈಕೋಳ ಹಾಕಿ ಗಡಿಯಾಚೆ ತಳ್ಳುವ ಚಿತ್ರ ಬಹಳ ದುಬಾರಿಯಾಗುತ್ತಿತ್ತು.

ಆಗಸ್ಟ್ 1ರಂದು ತೀರ್ಪು ಬಂತು. ಅಪರಾಧ ಸಾಬೀತು, ಆರು ತಿಂಗಳು, ಆದರೆ ಜೈಲಿಲ್ಲ, ಗಡೀಪಾರೂ ಇಲ್ಲ. ಸರ್ಕಾರಿ ವಕೀಲರೇ ಅಷ್ಟರಲ್ಲಿ ಮೆತ್ತಗಾಗಿದ್ದರು. ಆಕೆ ಕೋರ್ಟಿನಿಂದಲೇ ಬಿಡುಗಡೆಯಾಗಿ ಹೊರಬಂದಾಗ ಜನ ಹೋ ಎಂದು ಕೂಗಿದರು. ಎಲ್ಲ ತೀರಿತೆಂದುಕೊಂಡಿರಬೇಕು. ಆದರೆ ಆಶ್ರಯದ ಅರ್ಜಿಯನ್ನು ಸರ್ಕಾರ ಮತ್ತೆ ಮತ್ತೆ ತಳ್ಳಿಹಾಕಿತು. ಕಳಿಸುವುದಿಲ್ಲ, ಇರು ಎನ್ನುವುದೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. 2019ರ ಜೂನ್‌ನಲ್ಲಿ ಸಂಸಾರ ಸಮೇತ ಆಕೆ ಸ್ವೀಡನ್ನಿಗೆ ವಿಮಾನ ಹತ್ತಿದರು.

ಇದನ್ನು ಹೇಡಿತನ ಎನ್ನುವವರಿದ್ದಾರೆ. ನ್ಯಾಯ ಎಂದ ಮೇಲೆ ಪೂರ್ತಿ ಕೊಡಬೇಕು, ಅರ್ಧ ಕೊಟ್ಟು ಮೀಸೆ ತಿರುವಬಾರದು ಎಂಬ ಮಾತಿನಲ್ಲಿ ತೂಕವಿದೆ. ಆದರೂ ನಾನು ಜಾರ್ಕೆಂಟಿನ ಅರ್ಧವನ್ನು ಹೀಗಳೆಯಲಾರೆ. ಸಾವಿರದ ಏಳುನೂರು ಕಿಲೋಮೀಟರಿಗೂ ಮೀರಿದ ಗಡಿಯನ್ನು ಹಂಚಿಕೊಂಡ, ಎಣ್ಣೆ ಮಾರುವುದಕ್ಕೂ ಸಾಲ ತರುವುದಕ್ಕೂ ಅದೇ ಗಡಿಯತ್ತ ನೋಡಬೇಕಾದ ದೇಶಕ್ಕೆ, ಬೀಜಿಂಗಿನ ಎದುರು ನಿಂತು ಆಗುವುದಿಲ್ಲ ಎನ್ನು ಎಂದು ದೂರದಲ್ಲಿ ಕೂತು ಉಪದೇಶಿಸುವುದು ಸಲೀಸು. ಉಪದೇಶಿಸುವ ಪಶ್ಚಿಮದ ದೇಶಗಳಲ್ಲಿ ಎಷ್ಟು ಜನ ತಮ್ಮ ಅಂಗಡಿಗಳಿಂದ ಷಿನ್‌ಜಿಯಾಂಗ್ ಹತ್ತಿಯ ಅಂಗಿ ತೆಗೆದು ಹಾಕಿದ್ದಾರೆ ಎಂದು ಕೇಳಬೇಕಾಗುತ್ತದೆ. ಜಾರ್ಕೆಂಟಿನಲ್ಲಿ ಒಬ್ಬ ಕೆಳಹಂತದ ನ್ಯಾಯಾಧೀಶರು, ಯಾರನ್ನೂ ಖಂಡಿಸದೆ, ಯಾವ ದೊಡ್ಡ ಮಾತೂ ಆಡದೆ, ಮಕ್ಕಳ ತಾಯಿ ಎಂಬ ನೆಲೆಯಿಂದ ಕೆಲಸ ಸಾಧಿಸಿದರು. ಆಮೇಲೆ, 2019ರ ಅಕ್ಟೋಬರಿನಲ್ಲಿ, ಕಾಲ್ನಡಿಗೆಯಲ್ಲಿ ಗಡಿ ದಾಟಿದ ಇಬ್ಬರು ಕಜಕ್ ಯುವಕರಿಗೆ ಒಂದು ವರ್ಷ ಜೈಲಾಯಿತು, ಆದರೆ ಅವರನ್ನೂ ವಾಪಸ್ ಕಳಿಸಲಿಲ್ಲ. 2020ರಲ್ಲಿ ಅವರಿಗೆ ತಾತ್ಕಾಲಿಕ ಆಶ್ರಯವೂ ಸಿಕ್ಕಿತು. ಅರ್ಧ ಮುಕ್ಕಾಲಾಯಿತು.

ನನ್ನನ್ನು ಕಾಡುವುದು ಆ ಅರ್ಧವಲ್ಲ, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದು. ಸೌತ್‌ಬಾಯ್ ಇನ್ನೂ ದೇಶದಲ್ಲಿದ್ದಾಗಲೇ, 2019ರ ಮಾರ್ಚಿನಲ್ಲಿ, ಬಿಲಾಶ್ ಅವರನ್ನು ಅಲ್ಮಾಟಿಯಲ್ಲಿ ಹಿಡಿದು ರಾಜಧಾನಿಗೆ ವಿಮಾನದಲ್ಲಿ ಒಯ್ದರು. ಆರೋಪ: ಜನಾಂಗಗಳ ನಡುವೆ ದ್ವೇಷ ಹುಟ್ಟಿಸಿದ್ದು. ಒಂದು ಭಾಷಣದಲ್ಲಿ ಜಿಹಾದ್ ಎಂದಿದ್ದರು; ನಾನು ಹೇಳಿದ್ದು ಮಾಹಿತಿಯ ಹೋರಾಟದ ಬಗ್ಗೆ ಎಂದರೂ ಕೇಳಲಿಲ್ಲ. ಆಗಸ್ಟ್‌ನಲ್ಲಿ ಅವರು ರಾಜಿಗೆ ಒಪ್ಪಿದರು: ತಪ್ಪೊಪ್ಪಿಗೆ, ಸಣ್ಣ ದಂಡ, ಮುಂದಿನ ಏಳು ವರ್ಷ ಯಾವ ಸಂಘಟನೆಯನ್ನೂ ಮುನ್ನಡೆಸಕೂಡದು. ದಂಡ ಮುನ್ನೂರು ಡಾಲರಿನಷ್ಟು. ನೋಡಿದರೆ ನಗು ಬರುವ ಮೊತ್ತ. ಅಸಲು ಶಿಕ್ಷೆ ಆ ಏಳು ವರ್ಷ. ಒಬ್ಬ ಹೆಣ್ಣುಮಗಳನ್ನು ಉಳಿಸಿದ ಗುಂಪನ್ನು ಮತ್ತೆ ಸೇರದಂತೆ ಮಾಡಿದರು, ಬೀಜಿಂಗಿಗೆ ಕೊಡಬೇಕಾದ್ದು ಆ ದಾರಿಯಲ್ಲಿ ಸಂದಾಯವಾಯಿತು. ಬಿಲಾಶ್ ಆಮೇಲೆ ದೇಶ ಬಿಟ್ಟರು. ಸೌತ್‌ಬಾಯ್‌ಗೆ 2020ರಲ್ಲಿ ಅಮೆರಿಕ ಧೈರ್ಯವಂತ ಮಹಿಳೆಯರ ಅಂತರರಾಷ್ಟ್ರೀಯ ಪ್ರಶಸ್ತಿ ಕೊಟ್ಟಿತು. ಅಲ್ಮಾಟಿಯ ಕಚೇರಿಯಲ್ಲಿ ಫೋಟೋ ಹಿಡಿದು ಕೂತ ಮುದುಕಿಯರಿಗೆ ಯಾರೂ ಏನೂ ಕೊಡಲಿಲ್ಲ, ಅವರು ಕೇಳಿದ್ದು ಪ್ರಶಸ್ತಿಯೂ ಅಲ್ಲ.

ಇನ್ನೊಂದು ಹೆಸರಿದೆ, ಅದು ಜಾರ್ಕೆಂಟಿನ ಸಂಭ್ರಮದಲ್ಲಿ ಯಾರ ನೆನಪಿಗೂ ಬರಲಿಲ್ಲ. ಎರ್ಶಿದಿನ್ ಇಸ್ರಾಯಿಲ್. ಉರುಮ್ಚಿ ಗಲಭೆಯ ನಂತರ ಇದೇ ಕಜಕಸ್ತಾನಕ್ಕೆ ಓಡಿಬಂದ ಉಯಿಗುರ್ ಶಿಕ್ಷಕ. ಸೆರೆಯಲ್ಲಿ ಸತ್ತ ಒಬ್ಬನ ವಿಷಯವನ್ನು ಹೊರಗಿನ ರೇಡಿಯೊಗೆ ಹೇಳಿದ್ದರು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಅವರಿಗೆ ಮಾನ್ಯತೆ ಕೊಟ್ಟಿತ್ತು. 2011ರ ಮೇ ತಿಂಗಳಲ್ಲಿ ಕಜಕಸ್ತಾನ ಅವರನ್ನು ಚೀನಾಕ್ಕೆ ಒಪ್ಪಿಸಿತು. ಅದೇ ದೇಶ, ಅದೇ ನೆರೆಯ ಸರ್ಕಾರದ ಭಯ. ಆದರೆ ಇಸ್ರಾಯಿಲ್ ಅವರ ಪರವಾಗಿ ಕೋರ್ಟಿನ ಹೊರಗೆ ನಿಲ್ಲಲು ದೇಶದ ಹೆಸರಿನ ಜನ ಇರಲಿಲ್ಲ. ಕಜಕಸ್ತಾನದಲ್ಲೂ ಲಕ್ಷಗಟ್ಟಲೆ ಉಯಿಗುರರಿದ್ದಾರೆ. ಅವರು ಬಾಯಿ ಬಿಟ್ಟರೆ ಅದೇ ಪ್ರತ್ಯೇಕತಾವಾದ ಎನಿಸಿಕೊಳ್ಳುವ ಅಪಾಯವಿತ್ತು. ಶಾಂಘೈ ಕೂಟದ ಒಪ್ಪಂದ ಮೊದಲು ಹೊಲಿದದ್ದು ಅವರ ಬಾಯಿಯನ್ನೇ.

ಹಾಗಾದರೆ ಜಾರ್ಕೆಂಟಿನಲ್ಲಿ ಗೆದ್ದದ್ದು ನ್ಯಾಯವೋ ನೆಂಟಸ್ತಿಕೆಯೋ? ಎರಡನೆಯದೇ ಹೆಚ್ಚು ಎಂಬುದು ನನ್ನ ತೀರ್ಮಾನ, ಅದನ್ನು ಹೇಳಲು ಸಂಕಟವೂ ಇದೆ. ರಕ್ತಸಂಬಂಧದ ಕರುಣೆ ಸುಳ್ಳು ಕರುಣೆಯಲ್ಲ. ಮನುಷ್ಯರು ಮೊದಲು ಅಳುವುದು ತಮ್ಮವರಿಗೇ. ಆದರೆ ಬೆಳೆಯುತ್ತಿರುವ ಪ್ರಬಲ ರಾಷ್ಟ್ರಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಕಜಕರನ್ನು ಕಜಕಸ್ತಾನ ನೋಡಿಕೊಳ್ಳಲಿ, ಕಿರ್ಗಿಜರನ್ನು ಕಿರ್ಗಿಸ್ತಾನ ವಿಚಾರಿಸಲಿ. ಯಾರ ಹೆಸರಿನಲ್ಲಿ ದೇಶವೇ ಇಲ್ಲವೋ ಅವರನ್ನು ವಿಚಾರಿಸುವವರು ಯಾರು? ಷಿನ್‌ಜಿಯಾಂಗ್‌ನ ಉಯಿಗುರರದು ಆ ಸ್ಥಿತಿ.

ನಾವು ಕನ್ನಡಿಗರು ಇದನ್ನೆಲ್ಲ ದೂರದ ಸುದ್ದಿಯೆಂದು ಓದುವ ಹಾಗಿಲ್ಲ. 1960ರ ಹೊತ್ತಿಗೆ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡುನೆಲವನ್ನು ಟಿಬೆಟಿನಿಂದ ಬಂದವರಿಗೆ ಬಿಟ್ಟುಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗೂ ಶಿಬಿರಗಳಾದವು. ಕಾಂಬೋಡಿಯಾ ಸಹಿ ಹಾಕಿದ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಇಂದಿಗೂ ಸಹಿ ಹಾಕಿಲ್ಲ. ಸಹಿ ಹಾಕಿದವರು ಎರಡು ಮಕ್ಕಳನ್ನೂ ಬಿಡದೆ ವಿಮಾನ ಹತ್ತಿಸಿದರು. ಹಾಕದವರು ಜೋಳ ಬೆಳೆಯಲು ನೆಲ ಕೊಟ್ಟರು. ಇದರಲ್ಲಿ ಹೆಮ್ಮೆಪಡುವಂಥದ್ದಿದೆ. ಆದರೆ ಬೈಲಕುಪ್ಪೆಯ ಔದಾರ್ಯ ಕಾನೂನಲ್ಲ, ಆ ಕಾಲದ ಸರ್ಕಾರದ ಮನಸ್ಸು. ಕಾನೂನಿಲ್ಲದ ಕಡೆ ಮನಸ್ಸು ಬದಲಾದರೆ ಕೇಳುವ ಹಾಗಿಲ್ಲ.

2013ರಲ್ಲಿ ಮೂವರು ಉಯಿಗುರ್ ಯುವಕರು, ಒಡಹುಟ್ಟಿದ ಸೋದರರು, ಷಿನ್‌ಜಿಯಾಂಗ್‌ನಿಂದ ಬೆಟ್ಟ ದಾಟಿ ಲಡಾಖ್‌ಗೆ ಬಂದರು. ಒಂದು ಕಾಲದಲ್ಲಿ ಷಿನ್‌ಜಿಯಾಂಗ್‌ನ ಯಾರ್ಕಂದಿನ ವ್ಯಾಪಾರಿಗಳು ಕಂಬಳಿ, ಜಮಖಾನೆ, ಕುದುರೆ ಹೊಡೆದುಕೊಂಡು ಲೇಹ್ ಪೇಟೆಗೆ ಬರುತ್ತಿದ್ದ ಪ್ರದೇಶವೇ ಅದು. ಸೇನೆಗೆ ಸಿಕ್ಕಿಬಿದ್ದರು. ಅಕ್ರಮ ಪ್ರವೇಶಕ್ಕೆ ಲೇಹ್‌ನ ನ್ಯಾಯಾಲಯ ಹದಿನೆಂಟು ತಿಂಗಳ ಸಜೆ ವಿಧಿಸಿತು. ಜಾರ್ಕೆಂಟಿನಲ್ಲಿ ಆದ ಅಪರಾಧವೇ ಇಲ್ಲಿಯೂ. ಸಜೆ ಮುಗಿಯಿತು, ಬಿಡುಗಡೆಯಾಗಲಿಲ್ಲ. ಜಮ್ಮು ಮತ್ತು ಕಾಶ್ಮೀರದ ಸಾರ್ವಜನಿಕ ಸುರಕ್ಷತಾ ಕಾಯ್ದೆಯಡಿ ಮತ್ತೆ ಬಂಧನ, ಅವಧಿ ಮುಗಿದರೆ ಹೊಸ ಆದೇಶ, ಮತ್ತೊಂದು ಜೈಲು. ಭಾರತ ಅವರನ್ನು ಚೀನಾಕ್ಕೆ ಒಪ್ಪಿಸಿಲ್ಲ, ಅಷ್ಟರಮಟ್ಟಿಗೆ ನಾವೂ ಜಾರ್ಕೆಂಟಿನ ಮೊದಲ ಅರ್ಧವನ್ನು ಪಾಲಿಸಿದ್ದೇವೆ. ಎರಡನೇ ಅರ್ಧದಲ್ಲಿ ಕಜಕಸ್ತಾನ ಆಕೆಗೆ ಸ್ವೀಡನ್ನಿನ ದಾರಿ ಬಿಟ್ಟಿತು. ನಾವು ಜೈಲಿನ ಬಾಗಿಲು ತೆರೆದಿಲ್ಲ. ಗಡಿಯಾಚೆಯಿಂದ ಬಂದವರನ್ನು ಸುಮ್ಮನೆ ನಂಬುವುದು ಹೇಗೆ ಎಂದು ಭದ್ರತಾ ಅಧಿಕಾರಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ, ಆದರೆ ಅದನ್ನು ವಿಚಾರಿಸಿ ಉತ್ತರ ಕಂಡುಕೊಳ್ಳಲು ಹದಿನೆಂಟು ತಿಂಗಳು ಸಾಲದೆ? ಅವರಿಗಾಗಿ ಕೋರ್ಟಿನ ಹೊರಗೆ ನೆರೆಯುವ ನೆಂಟರು ಈ ದೇಶದಲ್ಲಿಲ್ಲ, ಬೈಲಕುಪ್ಪೆಯಂಥ ಊರೂ ಇಲ್ಲ, ದಲೈ ಲಾಮಾರಂತೆ ಜಗತ್ತು ಗುರುತಿಸುವ ಮುಖವೂ ಇಲ್ಲ.

2022ರ ಆಗಸ್ಟ್ 31ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಷಿನ್‌ಜಿಯಾಂಗ್ ಕುರಿತ ವರದಿ ಹೊರತಂದಿತು. ಅಲ್ಲಿ ನಡೆದದ್ದು ಮನುಷ್ಯತ್ವದ ವಿರುದ್ಧದ ಅಪರಾಧಗಳಾಗಿರಬಹುದು ಎಂದಿತು. ಅಕ್ಟೋಬರ್ 6ರಂದು ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ, ಆ ವರದಿಯ ಬಗ್ಗೆ ಚರ್ಚೆಯಾಗಲಿ ಎಂಬಷ್ಟೇ ಗೊತ್ತುವಳಿ ಬಂತು. ಖಂಡನೆಯಲ್ಲ, ತನಿಖೆಯಲ್ಲ, ಬರೀ ಚರ್ಚೆ. ಪರ 17, ವಿರುದ್ಧ 19, ತಟಸ್ಥ 11. ಪಾಕಿಸ್ತಾನ, ಇಂಡೋನೇಷ್ಯಾ, ಕತಾರ್, ಉಜ್ಬೇಕಿಸ್ತಾನ ವಿರುದ್ಧ ಮತ ಹಾಕಿದವು. ಕಜಕಸ್ತಾನವೂ ವಿರುದ್ಧವೇ, ಜಾರ್ಕೆಂಟಿನ ಕೋರ್ಟಿನಲ್ಲಿ ಕೇಳಿದ್ದನ್ನು ಜಿನೀವಾದಲ್ಲಿ ಕೇಳಲು ಅದು ತಯಾರಿರಲಿಲ್ಲ. ಭಾರತ ತಟಸ್ಥವಾಯಿತು. ಮರುದಿನ ದೆಹಲಿಯಲ್ಲಿ ವಿದೇಶಾಂಗ ಇಲಾಖೆಯ ವಕ್ತಾರರು, ಒಂದೊಂದು ದೇಶವನ್ನು ಹೆಸರಿಸಿ ತರುವ ಗೊತ್ತುವಳಿಗಳಿಗೆ ಮತ ಹಾಕದಿರುವುದು ನಮ್ಮ ಹಳೆಯ ಪದ್ಧತಿ, ಆದರೆ ಷಿನ್‌ಜಿಯಾಂಗ್ ಜನರ ಮಾನವ ಹಕ್ಕುಗಳಿಗೆ ಗೌರವವೂ ಖಾತರಿಯೂ ಸಿಗಬೇಕು ಎಂದರು. ಷಿನ್‌ಜಿಯಾಂಗ್ ಕುರಿತು ಭಾರತ ಅಷ್ಟು ನೇರವಾಗಿ ಮಾತಾಡಿದ್ದು ಅಪರೂಪ ಎಂದು ಪತ್ರಿಕೆಗಳು ಬರೆದವು. ಆ ಹೊತ್ತಿಗೆ ಷಿನ್‌ಜಿಯಾಂಗ್‌ನ ಆ ಮೂವರು ಸೋದರರು ಭಾರತದ ಜೈಲು ಸೇರಿ ಒಂಬತ್ತು ವರ್ಷ ಕಳೆದಿತ್ತು.